ವೆನಿಸ್‌ಗೆ ಕಾಲಿಡಲು ಶುಲ್ಕ: ಸರಿಯೇ, ತಪ್ಪೇ?

ರಾತ್ರಿ ತಂಗದೆ, ಹಗಲು ಬಂದು ಹಗಲೇ ಮರಳುವ ಪ್ರವಾಸಿಗರಿಂದ ಇಟಲಿಯ ವೆನಿಸ್ ನಗರಸಭೆ 2024ರ ಏಪ್ರಿಲ್ 25ರಿಂದ ಪ್ರವೇಶ ಶುಲ್ಕ ಪಡೆಯುತ್ತಿದೆ. ಮೊದಲ ವರ್ಷ ಆಯ್ದ 29 ದಿನ, 2025ರಲ್ಲಿ 54 ದಿನ. ಬೆಳಗ್ಗೆ 8.30ರಿಂದ ಸಂಜೆ 4ರ ನಡುವೆ ಊರು ಹೊಕ್ಕವರಿಗೆ 5 ಯೂರೋ; 2025ರಿಂದ, ನಾಲ್ಕು ದಿನ ಮೊದಲೇ ಕಟ್ಟದಿದ್ದರೆ 10. ಪ್ರವಾಸಿಗರ ಭಾರಕ್ಕೆ ಕುಸಿಯುತ್ತಿರುವ ಊರಿಗೆ ಇದು ಮದ್ದೇ?

ಪರ: ಬಂದುಹೋಗುವವರೂ ಕೊಡಲಿ
*(ಲೇಖಕರು ನಿವೃತ್ತ ಬ್ಯಾಂಕ್ ಅಧಿಕಾರಿ, ದಾವಣಗೆರೆ)*

ಸಂಪಾದಕರ ಫೋನ್ ಬರುವಷ್ಟರಲ್ಲಿ ‘ವಿರೋಧ’ ಬೇರೆಯವರ ಪಾಲಾಗಿತ್ತು. ನನಗೆ ಉಳಿದದ್ದು ‘ಪರ’. ಒಲ್ಲದ ಮನಸ್ಸಿನಿಂದ ಬರೆಯುತ್ತಿದ್ದೇನೆ ಅಂತಲ್ಲ, ಮುಕ್ಕಾಲು ಪಾಲು ಒಪ್ಪಿಗೆಯೇ ಇದೆ. ಉಳಿದ ಕಾಲು ಪಾಲಿನ ಸುದ್ದಿ ಇಲ್ಲಿ ಬೇಡ.

ಐದು ಯೂರೋ ಅಂದರೆ ಹೆಚ್ಚುಕಡಿಮೆ ಐನೂರು ರೂಪಾಯಿ. ಅದೇ ವೆನಿಸ್‌ನಲ್ಲಿ ಸಾರ್ವಜನಿಕ ಶೌಚಾಲಯಕ್ಕೆ ಒಮ್ಮೆ ಹೋಗಿಬರಲು ಒಂದೂವರೆ ಯೂರೋ. ವಾಟರ್ ಬಸ್ಸಿನ ಟಿಕೆಟ್ ಒಂಬತ್ತೂವರೆ. ಗೊಂಡೊಲ ದೋಣಿಯಲ್ಲಿ ಅರ್ಧ ಗಂಟೆ ಕುಳಿತರೆ ತೊಂಬತ್ತು. ಇಷ್ಟನ್ನೂ ಚಕಾರವೆತ್ತದೆ ಕೊಡುವ ಜನ, ಊರಿಗೊಂದು ಐದು ಕೊಡಿ ಅಂದ ಕೂಡಲೇ ಹಕ್ಕು, ಸ್ವಾತಂತ್ರ್ಯ ಎಂದು ಎದ್ದು ನಿಲ್ಲುತ್ತಾರೆ. ನಮ್ಮ ಹಂಪಿಯ ವಿಠ್ಠಲ ದೇವಸ್ಥಾನಕ್ಕೆ ನಾವು 40 ರೂಪಾಯಿ ಕೊಟ್ಟು ಹೋಗುತ್ತೇವೆ, ಬಿಳಿಯರಿಂದ 600 ತೆಗೆದುಕೊಳ್ಳುತ್ತೇವೆ. ಆಗ ಯಾರೂ ಲೇಖನ ಬರೆಯುವುದಿಲ್ಲ.

ಹೋಟೆಲಿನಲ್ಲಿ ತಂಗುವವನು ಬಿಲ್ಲಿನ ಜೊತೆ ಪ್ರವಾಸಿ ತೆರಿಗೆ ಕಟ್ಟಿಯೇ ಹೋಗುತ್ತಾನೆ. ಹಗಲು ಬಂದುಹೋಗುವವನು ನೀರಿನ ಬಾಟಲಿ ಬಿಸಾಕಿ ಹೋಗುತ್ತಾನೆ. ಕಾಲುವೆಗಳ ಆ ಊರಲ್ಲಿ ಕಸದ ಲಾರಿ ಓಡಾಡುವ ಹಾಗಿಲ್ಲ. ಪೌರಕಾರ್ಮಿಕರು ತಳ್ಳುಗಾಡಿಯನ್ನು ಸೇತುವೆಯ ಮೆಟ್ಟಿಲ ಮೇಲೆ ಎಳೆದು, ಆ ಕಡೆ ಇಳಿಸಿ, ಕಸವನ್ನು ದೋಣಿಗೆ ಸುರಿಯಬೇಕು. ಅಲ್ಲಿ ಆಂಬ್ಯುಲೆನ್ಸ್ ಕೂಡ ದೋಣಿಯೇ. ಇದರ ಖರ್ಚನ್ನು ಅಲ್ಲೇ ವಾಸವಿರುವ ಮುದುಕಿ ಒಬ್ಬಳೇ ಯಾಕೆ ಹೊರಬೇಕು?

ಮುದುಕಿ ಅಂದೆನಲ್ಲ, ಅದನ್ನು ಹೇಳಲೇಬೇಕು. 2024ರ ಮೇ ತಿಂಗಳ ಒಂದು ಶನಿವಾರ. ‘ಹತ್ತು ದಿನ, ಏಳು ದೇಶ’ ಎಂಬ ಪ್ಯಾಕೇಜಿನಲ್ಲಿ ನಾನೂ ನನ್ನ ಹೆಂಡತಿಯೂ ಇದ್ದೆವು. ಒಟ್ಟು ನಲವತ್ತೆರಡು ಜನ. ಹಿಂದಿನ ರಾತ್ರಿ ಮಲಗಿದ್ದು ವೆನಿಸ್‌ನಲ್ಲಲ್ಲ, ಬಸ್ಸಿನಲ್ಲಿ ಒಂದು ಗಂಟೆ ದೂರದ ಹೆದ್ದಾರಿ ಪಕ್ಕದ ಹೋಟೆಲಿನಲ್ಲಿ. ಅಲ್ಲಿ ಅಗ್ಗ. ಟ್ರೊಂಕೆಟ್ಟೊ ಎಂಬಲ್ಲಿ ಬಸ್ ಇಳಿದು, ದೋಣಿ ಹತ್ತಿ, ಸಾನ್ ಮಾರ್ಕೊ ಚೌಕದ ಹತ್ತಿರ ಇಳಿದೆವು. ಟೂರ್ ಮ್ಯಾನೇಜರ್ ಕೇಸರಿ ಬಾವುಟ ಎತ್ತಿ ಹಿಡಿದು ‘ಮೂರು ಗಂಟೆ ಟೈಮ್’ ಎಂದ. ಕಟ್ಟಿಸಿಕೊಂಡು ಬಂದಿದ್ದ ಚಪಾತಿ, ಚಟ್ನಿಪುಡಿಯ ಪೊಟ್ಟಣಗಳನ್ನು ಒಂದು ಸಣ್ಣ ಸೇತುವೆಯ ಮೆಟ್ಟಿಲ ಮೇಲೆ ಬಿಚ್ಚಿದೆವು. ನೆರಳಿತ್ತು, ತಂಗಾಳಿ ಇತ್ತು. ಮೆಟ್ಟಿಲ ಮೇಲೆ ಕೂತು ತಿಂದರೆ ದಂಡ ಎಂಬುದು ನಮಗೆ ಗೊತ್ತಿರಲಿಲ್ಲ.

ಆಗ ಗಾಲಿಯ ಕೈಚೀಲ ಎಳೆದುಕೊಂಡು ಒಬ್ಬ ಅಜ್ಜಿ ಬಂದರು. ಚೀಲದಲ್ಲಿ ತರಕಾರಿ ಇತ್ತು. ಸೇತುವೆಯ ಅಗಲಕ್ಕೂ ನಾವೇ. ಅವರು ನಿಂತರು, ನಾವು ನೋಡಿದೆವು. ನಮ್ಮಲ್ಲೊಬ್ಬರು ನಗುತ್ತಾ ಚಪಾತಿ ಚಾಚಿದರು. ಅಜ್ಜಿ ಏನೋ ಅಂದರು. ಮ್ಯಾನೇಜರ್ ತಲೆ ತಗ್ಗಿಸಿ ಅನುವಾದಿಸಿದ: ‘ದಿನಾ ಹೀಗೇ, ಮನೆಗೆ ಹೋಗೋದಕ್ಕೂ ನಿಮ್ಮನ್ನು ಕೇಳಬೇಕು ಅಂತಿದ್ದಾರೆ.’ ನಾವು ಪೊಟ್ಟಣ ಮಡಿಚಿ ಎದ್ದೆವು. ನನ್ನ ಹೆಂಡತಿ ಆ ಚೀಲವನ್ನು ಎತ್ತಿ ಆಚೆ ಇಳಿಸಿಕೊಟ್ಟಳು. ಅಜ್ಜಿ ‘ಗ್ರಾತ್ಸಿಯೆ’ ಅಂದರೂ ಮುಖ ಸಡಿಲಿಸಲಿಲ್ಲ. ಅವತ್ತು ಶುಲ್ಕದ ದಿನ, ನಮ್ಮದು ಪ್ಯಾಕೇಜಿನಲ್ಲೇ ಸೇರಿತ್ತು. ನನ್ನನ್ನು ಕೇಳಿದರೆ ಐದು ಕಡಿಮೆಯೇ ಆಯಿತು. ಅದೇ ವರ್ಷದ ಆಗಸ್ಟ್‌ನಿಂದ ಒಂದು ಗುಂಪಿನಲ್ಲಿ 25 ಜನ ಮಾತ್ರ, ಧ್ವನಿವರ್ಧಕ ಕೂಡದು ಎಂದು ಅಲ್ಲಿನವರು ನಿಯಮ ತಂದರು. ತಂದದ್ದು ನಮ್ಮಂಥವರನ್ನು ನೋಡಿಯೇ ಇರಬೇಕು.

ಶುಲ್ಕ ಹಾಕಿದರೂ ಜನ ಕಡಿಮೆಯಾಗಲಿಲ್ಲ ಎಂದು ವಿರೋಧಿಗಳು ಬೊಬ್ಬೆ ಹಾಕುತ್ತಾರೆ. ಬಸ್ ದರ ಏರಿಸಿದ ಮಾರನೇ ದಿನ ಬಸ್ ಖಾಲಿ ಓಡುತ್ತದೆಯೇ? ಅಂಕಿಯೇ ಬೇಕಿದ್ದರೆ, ಮೊದಲ ವರ್ಷ ಶುಲ್ಕದ ದಿನಗಳಲ್ಲಿ ದಿನಕ್ಕೆ ಸರಾಸರಿ 16 ಸಾವಿರಕ್ಕೂ ಹೆಚ್ಚು ಜನ ಹಣ ಕಟ್ಟಿದ್ದರು, ಎರಡನೇ ವರ್ಷ 13 ಸಾವಿರದ ಆಸುಪಾಸು. ಇಳಿದಿದೆಯೋ ಇಲ್ಲವೋ? ಬ್ಯಾಂಕಿನಲ್ಲಿ ಮೂವತ್ತೈದು ವರ್ಷ ಲೆಕ್ಕ ನೋಡಿದವನು, ಇಷ್ಟು ತಿಳಿಯುತ್ತದೆ. ಸಂಪಾದಕರು ಕೊಟ್ಟ ಜಾಗ ಮುಗಿಯಿತು.

ವಿರೋಧ: ಮನೆ ಖಾಲಿಯಾಗುತ್ತಿದೆ, ಇವರು ಗೇಟು ಕಾಯುತ್ತಿದ್ದಾರೆ
*(ಲೇಖಕಿ ಸಂಶೋಧಕಿ, ಮಂಗಳೂರು, ಮೂರು ವರ್ಷ ಇಟಲಿಯ ಪಾದುವಾದಲ್ಲಿದ್ದವರು)*

ವೆನಿಸ್‌ನ ರಿಯಾಲ್ಟೊ ಸೇತುವೆಯಿಂದ ಕೂಗಳತೆಯಲ್ಲಿ, ಸಾನ್ ಬಾರ್ತೊಲೊಮಿಯೊ ಚೌಕದಲ್ಲಿ ಒಂದು ಔಷಧದಂಗಡಿ ಉಂಟು. ಅದರ ಕಿಟಕಿಯಲ್ಲಿ ಕೆಂಪು ಅಂಕಿಗಳ ಒಂದು ಫಲಕ. ಚಿನ್ನದ ದರವೂ ಅಲ್ಲ, ಉಷ್ಣಾಂಶವೂ ಅಲ್ಲ. ದ್ವೀಪದ ಹಳೆಯ ಊರಿನಲ್ಲಿ ಇನ್ನೂ ವಾಸವಿರುವವರ ಲೆಕ್ಕ ಅದು. 1951ರಲ್ಲಿ ಸುಮಾರು 1.75 ಲಕ್ಷ ಜನರಿದ್ದ ಊರು 2022ರ ಆಗಸ್ಟ್‌ನಲ್ಲಿ 50 ಸಾವಿರಕ್ಕಿಂತ ಕೆಳಗಿಳಿಯಿತು. 2023ರಲ್ಲಿ ಪ್ರವಾಸಿಗರ ಮಂಚಗಳ ಸಂಖ್ಯೆ ಊರವರ ಸಂಖ್ಯೆಯನ್ನು ದಾಟಿತು. ಮನುಷ್ಯರಿಗಿಂತ ಬಾಡಿಗೆ ಮಂಚಗಳೇ ಹೆಚ್ಚಿರುವ ಊರಿಗೆ ನಗರಸಭೆ ಬರೆದುಕೊಟ್ಟ ಔಷಧ, ಶುಲ್ಕ ಕಟ್ಟಿದ್ದಕ್ಕೆ ಮೊಬೈಲಿನಲ್ಲಿ ಒಂದು ಕ್ಯೂಆರ್ ಕೋಡ್.

ಹಗಲು ಬಂದುಹೋಗುವವನು ದಾರಿ ಕಟ್ಟುತ್ತಾನೆ, ಕಸ ಹಾಕುತ್ತಾನೆ, ಒಪ್ಪಿದೆ. ಆದರೆ ಅವನು ಯಾರ ಮನೆಯನ್ನೂ ತೆಗೆದುಕೊಳ್ಳುವುದಿಲ್ಲ, ಸಂಜೆ ರೈಲು ಹತ್ತುತ್ತಾನೆ. ಮನೆ ಹೋಗುವುದು ರಾತ್ರಿ ತಂಗುವವನಿಗೆ, ತಿಂಗಳ ಬಾಡಿಗೆಯ ಕುಟುಂಬವನ್ನು ಎಬ್ಬಿಸಿ ದಿನದ ಬಾಡಿಗೆಯ ಅತಿಥಿಯನ್ನು ಕೂರಿಸುವ ಮಾಲೀಕನಿಗೆ. ಆ ಅತಿಥಿಗೆ ಈ ಶುಲ್ಕ ಇಲ್ಲ! ಹೋಟೆಲ್ ತೆರಿಗೆ ಕಟ್ಟುತ್ತಾನಂತೆ, ಹಾಗಾಗಿ ಅವನು ಒಳ್ಳೆಯವನು. ವೆನಿಸ್ ಸೇರಿರುವ ವೆನೆಟೊ ಪ್ರಾಂತ್ಯದವರಿಗೂ ಇಲ್ಲ. ನಾನು ಅದೇ ಪ್ರಾಂತ್ಯದ ಪಾದುವಾದಲ್ಲಿದ್ದೆ. ನಮ್ಮೂರ ಕಡೆಯವರಿಗೆ ಸಂತ ಅಂತೋನಿಯವರ ಪಾದುವಾ ಎಂದರೆ ಬೇಗ ಗೊತ್ತಾಗುತ್ತದೆ. ಅಲ್ಲಿಂದ ವೆನಿಸ್‌ಗೆ ರೈಲಿನಲ್ಲಿ ಅರ್ಧ ಗಂಟೆ. ಬೇಸಿಗೆಯ ಭಾನುವಾರ ಆ ಊರಿಗೆ ನುಗ್ಗುವ ಜನರಲ್ಲಿ ಎಷ್ಟೋ ಮಂದಿ ನನ್ನ ಹಾಗೆ ಪುಕ್ಕಟೆಯವರು.

ನನ್ನ ಮನೆಯೊಡತಿಯನ್ನು ನಾನು ಸಿನ್ಯೋರ ಎಂದೇ ಕರೆಯುತ್ತಿದ್ದೆ. ಎಪ್ಪತ್ತು ದಾಟಿದವರು. ಹುಟ್ಟಿದ್ದು, ಮದುವೆಯಾದದ್ದು, ಗಂಡನನ್ನು ಕಳೆದುಕೊಂಡದ್ದು ಎಲ್ಲ ವೆನಿಸ್‌ನ ಕನ್ನರೆಜೊ ಕೇರಿಯಲ್ಲಿ. ಬಾಡಿಗೆ ಮನೆಯ ಮಾಲೀಕ ಕಟ್ಟಡ ಮಾರಿದಾಗ ಅಲ್ಲಿ ಇನ್ನೊಂದು ಮನೆ ಸಿಗಲಿಲ್ಲ. ತಾಯಿಯಿಂದ ಬಂದಿದ್ದ ಪಾದುವಾದ ಮನೆಗೆ ಹೋದರು. 2024ರ ಜೂನ್‌ನಲ್ಲಿ ಒಂದು ಭಾನುವಾರ ‘ಬಾ, ನನ್ನ ಊರು ತೋರಿಸುತ್ತೇನೆ’ ಎಂದು ನನ್ನನ್ನು ಕರೆದುಕೊಂಡು ಹೋದರು.

ಸಾಂತ ಲೂಚಿಯ ರೈಲು ನಿಲ್ದಾಣದ ಹೊರಗೆ ಜಾಕೆಟ್ ತೊಟ್ಟ ಹುಡುಗ ತಡೆದ. ಕೋಡ್ ತೋರಿಸಿ ಎಂದು ಇಂಗ್ಲಿಷಿನಲ್ಲಿ ಕೇಳಿದ. ಸಿನ್ಯೋರ ಇಟಾಲಿಯನ್ ಕೂಡ ಅಲ್ಲ, ಅಪ್ಪಟ ವೆನಿಸ್ ಆಡುಮಾತಿನಲ್ಲಿ ಉತ್ತರಿಸಿದರು. ಅವನಿಗೆ ಅರ್ಥವಾಗಲಿಲ್ಲ. ಅವರು ಗುರುತಿನ ಚೀಟಿ ತೆಗೆದು, ಹುಟ್ಟಿದ ಊರು ಎಂಬಲ್ಲಿ ಬೆರಳಿಟ್ಟರು. ವೆನಿಸ್‌ನಲ್ಲಿ ಹುಟ್ಟಿದವರಿಗೆ ವಿನಾಯಿತಿ ಉಂಟು. ಹುಡುಗ ನಗುತ್ತಾ ‘ವೆಲ್‌ಕಮ್’ ಎಂದ. ಎರಡು ಸೇತುವೆ ದಾಟುವವರೆಗೂ ಸಿನ್ಯೋರ ನನ್ನ ಹತ್ತಿರ ಮಾತಾಡಲಿಲ್ಲ.

ಅವರ ಹಳೆಯ ಮನೆಯ ಬಾಗಿಲಲ್ಲಿ ಎಂಟು ಕರೆಗಂಟೆಗಳಿದ್ದವು. ಮೊದಲು ಎಂಟರ ಪಕ್ಕದಲ್ಲೂ ಹಿತ್ತಾಳೆಯ ಹೆಸರಿನ ಪಟ್ಟಿ ಇತ್ತಂತೆ. ಈಗ ಹೆಸರಿದ್ದದ್ದು ಎರಡಕ್ಕೆ, ಉಳಿದವಕ್ಕೆ ಬರೀ ನಂಬರು. ಕೆಳಗಿನ ಕಬ್ಬಿಣದ ಸರಳಿಗೆ, ದಿನದ ಬಾಡಿಗೆಯವರಿಗೆಂದು, ನಾಲ್ಕಂಕಿಯ ಬೀಗದ ಕೀಲಿಡಬ್ಬಿಗಳು, ತೆಂಗಿನ ಗೊನೆಯ ಹಾಗೆ. ರೊಟ್ಟಿ ಬೇಯಿಸುತ್ತಿದ್ದ ಅಂಗಡಿಯಲ್ಲಿ ಮುಖವಾಡ ಮಾರುತ್ತಿದ್ದರು. ಸಿನ್ಯೋರ ಹೆಸರಿದ್ದ ಎರಡು ಗಂಟೆಗಳಲ್ಲಿ ಒಂದನ್ನು ಒತ್ತಿದರು. ಮೇಲಿನಿಂದ ಅವರ ಗೆಳತಿ ಇಣುಕಿ ಕಿರುಚಿದ ಸಂತೋಷ ಇನ್ನೂ ನನ್ನ ಕಿವಿಯಲ್ಲಿ ಉಂಟು. ಅವತ್ತು ಅಲ್ಲಿ ಉಂಡದ್ದು ಸಾರ್ದೆ ಇನ್ ಸಾವೊರ್: ಕರಿದ ಬೂತಾಯಿ ಮೀನಿಗೆ ಈರುಳ್ಳಿ, ವಿನೆಗರ್ ಸುರಿದು ಒಂದು ದಿನ ಇಟ್ಟದ್ದು. ಸಿಹಿಹುಳಿ. ನಮ್ಮಮ್ಮ ತಿಂದಿದ್ದರೆ ‘ಖಾರ ಎಲ್ಲಿ’ ಎನ್ನುತ್ತಿದ್ದರು. ಆ ಗೆಳತಿ ಹೇಳಿದ್ದು: ಚಳಿಗಾಲದಲ್ಲಿ ಇಡೀ ಕಟ್ಟಡದಲ್ಲಿ ದೀಪ ಹತ್ತುವುದು ಎರಡೇ ಮನೆಯಲ್ಲಿ, ಬಿದ್ದರೆ ಕೇಳುವವರಿಲ್ಲ.

ಇದನ್ನು ಹೇಳಿದರೆ ಶುಲ್ಕದ ಭಕ್ತರು ಕಸದ ಲೆಕ್ಕ ತೆಗೆಯುತ್ತಾರೆ. ಅವರ ಪ್ರಕಾರ ನಗರ ಎಂದರೆ ಒಂದು ದೊಡ್ಡ ಕಸದ ಬುಟ್ಟಿ, ಗುಡಿಸಿದರೆ ಮುಗಿಯಿತು. ಆ ಲೆಕ್ಕವೂ ನೆಟ್ಟಗಿಲ್ಲ. ಮೊದಲ ವರ್ಷ ಬಂದದ್ದು ಸುಮಾರು 24 ಲಕ್ಷ ಯೂರೋ. ವಸೂಲಿಯ ವ್ಯವಸ್ಥೆಗೇ ಅದಕ್ಕಿಂತ ಹೆಚ್ಚು ಖರ್ಚಾಯಿತು ಎಂದು ನಗರಸಭೆಯ ವಿರೋಧ ಪಕ್ಷದವರು ಗುಡುಗಿದರು. ಎರಡನೇ ವರ್ಷ ದಿನದ ಸರಾಸರಿ ಇಳಿಯಿತು ಎಂದು ಈಗ ಬೀಗುತ್ತಾರೆ. ಮೊದಲ ವರ್ಷ ಹೆಚ್ಚಾಗಿ ರಜೆ, ವಾರಾಂತ್ಯಗಳಷ್ಟೇ ಇದ್ದವು. ಎರಡನೇ ವರ್ಷ ಶುಕ್ರವಾರಗಳನ್ನೂ ಸೇರಿಸಿದ ಮೇಲೆ ಸರಾಸರಿ ಇಳಿಯದೆ ಇನ್ನೇನಾದೀತು? ಇಷ್ಟಕ್ಕೂ ಇದರಲ್ಲಿ ಮಿತಿ ಎಂಬುದೇ ಇಲ್ಲ. ಲಕ್ಷ ಜನ ಹಣ ಕಟ್ಟಿದರೆ ಲಕ್ಷ ಜನಕ್ಕೂ ಪ್ರವೇಶ.

ಶುಲ್ಕ ಶುರುವಾದ ಏಪ್ರಿಲ್ 25 ಸಂತ ಮಾರ್ಕನ ಹಬ್ಬ, ಆ ಊರಿನ ದೊಡ್ಡ ದಿನ. ಗಂಡಸರು ಪ್ರೀತಿಯ ಹೆಂಗಸಿಗೆ ಕೆಂಪು ಗುಲಾಬಿ ಮೊಗ್ಗು ಕೊಡುವ ವಾಡಿಕೆ. ಅಂಥ ದಿನ ಊರವರು ಪಿಯಾತ್ಸಾಲೆ ರೋಮಾ ಚೌಕದಲ್ಲಿ ಪ್ರತಿಭಟನೆಗೆ ಇಳಿದರು. 2018ರಲ್ಲಿ ಮೇಯರ್ ಲುಯಿಜಿ ಬ್ರುನ್ಯಾರೊ ಜನಸಂದಣಿ ತಡೆಯಲು ಗೇಟು ಇರಿಸಿದಾಗಲೂ ಕಿತ್ತು ಬಿಸಾಡಿದವರು ಪ್ರವಾಸಿಗರಲ್ಲ, ಊರವರೇ. ಗೇಟು ಇಟ್ಟರೆ ಒಳಗಿರುವವರು ಪ್ರದರ್ಶನದ ವಸ್ತುಗಳಾಗುತ್ತಾರೆ ಎಂದು ಅವರಿಗೆ ಆಗಲೇ ಗೊತ್ತಿತ್ತು.

ನಿಜವಾಗಿ ತಡೆಯುವುದು ಹೇಗೆಂದು ಇವರಿಗೆ ತಿಳಿಯದೇ ಇಲ್ಲ. 2019ರ ಜೂನ್‌ನಲ್ಲಿ ಒಂದು ದೈತ್ಯ ಪ್ರವಾಸಿ ಹಡಗು ವೆನಿಸ್‌ನ ಸಾನ್ ಬಾಸಿಲಿಯೊ ಹಡಗುಕಟ್ಟೆಯಲ್ಲಿ ದಡಕ್ಕೂ ದೋಣಿಗೂ ಗುದ್ದಿತು. 2021ರ ಆಗಸ್ಟ್ 1ರಿಂದ, 25 ಸಾವಿರ ಟನ್ ಮೀರಿದ ಹಡಗು ಊರಿನ ಮಗ್ಗುಲಿನ ಜುದೆಕ್ಕ ಕಾಲುವೆಗೆ ಬರಕೂಡದು ಎಂದು ಇಟಲಿ ಸರಕಾರ ಆಜ್ಞೆ ಹೊರಡಿಸಿತು. ‘ಐದು ಯೂರೋ ಕೊಟ್ಟು ಬನ್ನಿ’ ಅನ್ನಲಿಲ್ಲ. ಸಾನ್ ಮಾರ್ಕೊ ಎದುರು ಹತ್ತಂತಸ್ತಿನ ಹಡಗು ತೇಲುವುದು ನಿಂತೇಹೋಯಿತು. ಮನೆಗಳ ವಿಷಯದಲ್ಲೂ ಅಷ್ಟೇ. 2022ರಲ್ಲಿ ಇಟಲಿಯ ಸಂಸತ್ತು, ಅಲ್ಪಾವಧಿ ಬಾಡಿಗೆಗೆ ಕಡಿವಾಣ ಹಾಕುವ ವಿಶೇಷ ಅಧಿಕಾರವನ್ನು ವೆನಿಸ್‌ಗೆ ಕೊಟ್ಟಿತು. ಬಾರ್ಸಿಲೋನದ ಮೇಯರ್ 2024ರಲ್ಲಿ, ಊರಿನ 10,101 ಪ್ರವಾಸಿ ಫ್ಲ್ಯಾಟುಗಳ ಪರವಾನಗಿಯನ್ನು 2028ರ ನವೆಂಬರ್ ಬಳಿಕ ನವೀಕರಿಸುವುದಿಲ್ಲ ಎಂದು ಘೋಷಿಸಿದರು. ನಡೆಯುತ್ತದೋ ನೋಡಬೇಕು, ಆದರೆ ಕೈ ಹಾಕಿದ್ದು ಸರಿಯಾದ ಕಡೆ. ವೆನಿಸ್ ನಗರಸಭೆ ಕೈ ಹಾಕಿದ್ದು ಪ್ರವಾಸಿಯ ಜೇಬಿಗೆ, ಏಕೆಂದರೆ ಅವನಿಗೆ ಅಲ್ಲಿ ಓಟಿಲ್ಲ. ಫ್ಲ್ಯಾಟಿನ ಮಾಲೀಕನಿಗೆ ಉಂಟು.

ಈಗ ನಾನು ಮಂಗಳೂರಿನವಳು, ಮುಂದಿನ ಸಲ ಹೋದರೆ ನನಗೂ ಶುಲ್ಕ. 2022ರ ಆ ಅಧಿಕಾರವನ್ನು ಮೊದಲು ಬಳಸಲಿ, ಆ ಸರಳಿನಿಂದ ಒಂದೊಂದೇ ಕೀಲಿಡಬ್ಬಿ ಬಿಚ್ಚಿಸಲಿ. ಆಮೇಲೆ ಇಪ್ಪತ್ತೈದು ಯೂರೋ ಕೇಳಿದರೂ ಕಟ್ಟಿ, ಆ ಗಂಟೆ ಒತ್ತುತ್ತೇನೆ.