ರಕ್ತ ಒಂದನ್ನೇ ನೋಡಿ ಶ್ವಾಸಕೋಶದ ತೀರ್ಪು ಕೊಡಬೇಡಿ

ಸಂಡೂರಿನ ಅದಿರು ಧೂಳು, ಶಕ್ತಿನಗರದ ಹಾರುಬೂದಿ, ಹಟ್ಟಿ ಗಣಿಯೊಳಗಿನ ಸಿಲಿಕಾ, ಕೊಪ್ಪಳ ಸುತ್ತಲಿನ ಸ್ಪಾಂಜ್ ಐರನ್ ಹೊಗೆ. ಯಾವುದೇ ಇರಲಿ, ಉಸಿರಿನ ಜೊತೆ ಒಳಹೊಕ್ಕ ಸಣ್ಣ ಕಣ ಕೊನೆಗೆ ಕೂರೋದು ಶ್ವಾಸಕೋಶದ ಗಾಳಿಚೀಲಗಳಲ್ಲಿ. ಅಲ್ಲಿ ಅದನ್ನು ನುಂಗೋ ಜೀವಕೋಶಗಳಾದ ಮ್ಯಾಕ್ರೋಫೇಜ್‌ಗಳು ತೋಳಿನ ರಕ್ತದಲ್ಲಿ ಸಿಗೋದಿಲ್ಲ. ಸೋಂಕಿನ ವಿರುದ್ಧ ಹೋರಾಡುತ್ತಾ ಶ್ವಾಸಕೋಶದಲ್ಲೇ ಬೀಡುಬಿಟ್ಟ ಟಿ ಜೀವಕೋಶಗಳೂ ರಕ್ತದಲ್ಲಿ ಕಾಣೋದು ತೀರಾ ಕಡಿಮೆ. ಹಾಗಾಗಿ ನಮ್ಮ ಮೂರು ಜಿಲ್ಲೆಗಳ ಮೆಡಿಕಲ್ ಕಾಲೇಜುಗಳು ಇಲ್ಲಿನ ಆರೋಗ್ಯವಂತರಿಂದಲೇ, ಒಂದೇ ದಿನ, ರಕ್ತ, ಶ್ವಾಸಕೋಶ ತೊಳೆದ ನೀರು, ಎರಡೂ ಸ್ಯಾಂಪಲ್ ತೆಗೆದು ನಮ್ಮದೇ ನಾರ್ಮಲ್ ಲೆಕ್ಕ ಕಟ್ಟಬೇಕು ಅನ್ನೋದು ನಮ್ಮ ಗಟ್ಟಿ ಅಭಿಪ್ರಾಯ.

ಯಾರು ಆರೋಗ್ಯವಂತರು? ಎಕ್ಸ್‌ರೇ, ಸ್ಪೈರೋಮೆಟ್ರಿ (ಊದಿಸಿ ಉಸಿರಿನ ಬಲ ಅಳೆಯೋ ಪರೀಕ್ಷೆ) ಸರಿಯಿದ್ದರೆ ಸಾಲದು. ಹಿಂದಿನ ನಾಲ್ಕು ವಾರದಲ್ಲಿ ನೆಗಡಿ ಕೆಮ್ಮು ಇತ್ತಾ, ಬೀಡಿ ಸೇದ್ತಾರಾ, ಯಾವ ಕೆಲಸ, ಮನೇಲಿ ಸೌದೆ ಒಲೆಯಾ ಗ್ಯಾಸಾ, ಎಲ್ಲ ಕೇಳಿ ಬರೆದಿಡಬೇಕು. ಸೇದದವರ ಶ್ವಾಸಕೋಶ ತೊಳೆದ ನೀರಿನ ಜೀವಕೋಶಗಳಲ್ಲಿ ಮ್ಯಾಕ್ರೋಫೇಜ್ ಶೇ. 85ಕ್ಕಿಂತ ಹೆಚ್ಚು, ಬಿಳಿ ರಕ್ತಕಣಗಳ ಬಗೆಗಳಾದ ಲಿಂಫೋಸೈಟ್ ಶೇ. 10-15, ನ್ಯೂಟ್ರೋಫಿಲ್ ಶೇ. 3ರ ಒಳಗೆ ಇರ್ತವೆ. ಸೇದುವವರಲ್ಲಿ ಮ್ಯಾಕ್ರೋಫೇಜ್ ಸಂಖ್ಯೆ ಹಲವು ಪಟ್ಟು ಏರುತ್ತೆ. ಇಬ್ಬರನ್ನೂ ಒಂದೇ ಗುಂಪಿಗೆ ಹಾಕಿದರೆ ಲೆಕ್ಕವೇ ಕೆಟ್ಟುಹೋಯ್ತು.

ಶ್ವಾಸಕೋಶ ತೊಳೆಯೋದು ಶ್ವಾಸನಾಳಕ್ಕೆ ಇಳಿಸೋ ಕ್ಯಾಮೆರಾ ನಳಿಕೆಯಾದ ಬ್ರಾಂಕೋಸ್ಕೋಪ್‌ನಿಂದ, ಸಾಮಾನ್ಯವಾಗಿ ಬಲಗಡೆಯ ಮಧ್ಯದ ಹಾಲೆಯಲ್ಲಿ. ಮಲಗಿದಾಗ ಅಲ್ಲಿಂದ ನೀರು ಚೆನ್ನಾಗಿ ವಾಪಸ್ ಬರುತ್ತೆ. 37 ಡಿಗ್ರಿಗೆ ಬೆಚ್ಚಗಾದ ಸಲೈನ್, 50 ಮಿ.ಲೀ.ನಂತೆ ಮೂರ್ನಾಲ್ಕು ಸಲ ಒಳಬಿಟ್ಟು ವಾಪಸ್ ಎಳೆಯಬೇಕು. ಸಕ್ಷನ್ ಮೆಲ್ಲಗೆ ಕೊಡಬೇಕು, ಜೋರಾಗಿ ಎಳೆದರೆ ಶ್ವಾಸನಾಳ ಮುಚ್ಚಿಕೊಳ್ಳುತ್ತೆ, ರಕ್ತವೂ ಬೆರೆಯುತ್ತೆ. ಮೊದಲ ಸಲ ಬಂದದ್ದರಲ್ಲಿ ದೊಡ್ಡ ಶ್ವಾಸನಾಳದ ಅಂಶವೇ ಹೆಚ್ಚು, ಅದನ್ನು ಬೇರೆ ಇಡಿ. ಹಾಕಿದ್ದರ ಶೇ. 30ರಷ್ಟಾದರೂ ವಾಪಸ್ ಬರದಿದ್ದರೆ ಆ ಎಣಿಕೆಯನ್ನು ನಂಬಬೇಡಿ.

ಇಲ್ಲಿಂದಾಚೆಗೆ ಎರಡು ಸ್ಯಾಂಪಲ್‌ಗಳ ದಾರಿ ಉಲ್ಟಾ. ತೊಳೆದ ನೀರು ಐಸ್ ಮೇಲೆ, ಪಾಲಿಪ್ರೊಪಿಲೀನ್ ಟ್ಯೂಬಿನಲ್ಲಿ ಇರಬೇಕು. ಗಾಜಿಗೆ ಹಾಕಿದರೆ ಮ್ಯಾಕ್ರೋಫೇಜ್ ಗೋಡೆಗೆ ಅಂಟಿಕೊಳ್ತವೆ, ಎಣಿಕೆ ಕಮ್ಮಿಯಾಗುತ್ತೆ. ಹೆಪ್ಪುಗಟ್ಟದಂತೆ ತಡೆಯೋ ಹೆಪಾರಿನ್ ಟ್ಯೂಬಿನ ರಕ್ತವನ್ನು ಮಾತ್ರ ಐಸ್‌ನಲ್ಲಿ ಇಡಲೇಬಾರದು, ಅದಕ್ಕೆ 18ರಿಂದ 25 ಡಿಗ್ರಿ ಬೇಕು. ರಾಯಚೂರಿನ ಮೇ ತಿಂಗಳ ಬಿಸಿಲಲ್ಲಿ ಬೈಕಿನ ಡಬ್ಬಿಯಲ್ಲಿಟ್ಟು ತಂದರೆ ಅದು ಬೆಂದಂತೆಯೇ. ರಕ್ತಕಣಗಳನ್ನು ಪದರವಾಗಿ ಬೇರ್ಪಡಿಸೋ ದ್ರವವಾದ ಫೈಕಾಲ್‌ನ 1.077 ಸಾಂದ್ರತೆ 20 ಡಿಗ್ರಿಗೆ ಹೊಂದಿಸಿದ್ದು, ಲ್ಯಾಬಿನ ಎಸಿ ಕೈಕೊಟ್ಟರೆ ಲಿಂಫೋಸೈಟ್ ಕಮ್ಮಿ ಸಿಗ್ತವೆ. ಸೆಂಟ್ರಿಫ್ಯೂಜ್ 400 ಜಿ (ಗುರುತ್ವಬಲದ 400 ಪಟ್ಟು), 30 ನಿಮಿಷ, ಬ್ರೇಕ್ ಆಫ್. ಬ್ರೇಕ್ ಹಾಕಿದರೆ ಲಿಂಫೋಸೈಟ್ ಇರೋ ಬಿಳಿ ಪದರ ಕದಡುತ್ತೆ. ರಕ್ತ ಗಂಟೆಗಟ್ಟಲೆ ಕಾದರೆ ನ್ಯೂಟ್ರೋಫಿಲ್‌ಗಳೂ ಆ ಪದರಕ್ಕೆ ಬಂದು ಸೇರ್ತವೆ. ಕರೆಂಟ್ ಹೋದರೂ ನಿಲ್ಲದಂತೆ ಯುಪಿಎಸ್ ಇರಲಿ.

ಜೀವಕೋಶಗಳಿಗೆ ಹೊಳೆಯೋ ಬಣ್ಣ ಹಾಕಿ ಲೇಸರ್ ಬೆಳಕಲ್ಲಿ ಗುರುತಿಸೋ ಫ್ಲೋ ಸೈಟೋಮೆಟ್ರಿಯಲ್ಲಿ ಇನ್ನೊಂದು ತೊಡಕು. ಮ್ಯಾಕ್ರೋಫೇಜ್ ಯಾವ ಬಣ್ಣ ಹಾಕದಿದ್ದರೂ ತಾನೇ ಹೊಳೆಯುತ್ತೆ, ಬೀಡಿ ಸೇದುವವರಲ್ಲಿ ಇನ್ನೂ ಜಾಸ್ತಿ. ಪ್ರತಿಯೊಬ್ಬರದ್ದೂ ಬಣ್ಣ ಹಾಕದ ಒಂದು ಟ್ಯೂಬ್ ಓಡಿಸದಿದ್ದರೆ ಇಲ್ಲದ್ದನ್ನು ಇದೆ ಅಂತ ಬರೆದುಬಿಡ್ತೀವಿ.

ಸ್ಯಾಂಪಲ್ ಕೊಡುವವರಿಗೆ ಇದರಿಂದ ಚಿಕಿತ್ಸೆಯ ಲಾಭ ಏನೂ ಇಲ್ಲ. ಇದನ್ನು ಕನ್ನಡದಲ್ಲಿ ಬಿಡಿಸಿ ಹೇಳಲೇಬೇಕು. ಸಂಜೆ ಜ್ವರ, ಗಂಟಲು ನೋವು ಬರಬಹುದು ಅಂತ ಮೊದಲೇ ತಿಳಿಸಿ, ಫೋನ್ ನಂಬರ್ ಕೊಡಿ. ಮಂಪರಿನ ಮದ್ದು ಕೊಟ್ಟಿದ್ದರೆ ಒಬ್ಬರನ್ನೇ ಬಸ್ ಹತ್ತಿಸಬೇಡಿ. ದಾರಿ ಖರ್ಚು, ತಪ್ಪಿದ ಕೂಲಿ ಕೊಡೋದು ನ್ಯಾಯ. ಆದರೆ ಮೇಸ್ತ್ರಿ ಕರೆತಂದ ಕೂಲಿಕಾರರನ್ನು ಸ್ವಯಂಸೇವಕರು ಅಂತ ಬರೆದುಕೊಳ್ಳಬಾರದು. ಅವರು ಬೇಡ ಅನ್ನೋ ಸ್ಥಿತಿಯಲ್ಲೇ ಇರೋದಿಲ್ಲ.