ಬಾರೋ ಎಂದವಳು ಯಾರು?

ಅಮೆರಿಕದ ಕನ್ನಡ ಕೂಟಗಳಲ್ಲಿ ಹಳೆಯ ಹಾಡುಗಳ ಮಾತು ಬಂದರೆ ಒಂದು ವಾದ ತಪ್ಪುವುದಿಲ್ಲ. ಹೆಣ್ಣು ತನ್ನ ಆಸೆಯನ್ನು ಬಾಯಿಬಿಟ್ಟು ಹಾಡಲು ಶುರುಮಾಡಿದ್ದು ಗ್ರಾಮಫೋನ್ ಬಂದ ಮೇಲೆ, ಅದೂ ಈ ದೇಶದಲ್ಲಿ ಎನ್ನುತ್ತಾರೆ. ಇಲ್ಲಿನ ಮಟ್ಟಿಗೆ ಅದರಲ್ಲಿ ಹುರುಳಿದೆ. 1920ರಲ್ಲಿ ಕಪ್ಪು ಗಾಯಕಿ ಮೇಮಿ ಸ್ಮಿತ್ ಹಾಡಿದ, ಬ್ಲೂಸ್ ಎಂಬ ಕಪ್ಪು ಜನರ ಹಾಡಿನ ಬಗೆಯ ಪ್ಲೇಟು ಭರ್ಜರಿಯಾಗಿ ಮಾರಾಟವಾದ ಮೇಲೆ ಕಂಪನಿಗಳು ಕಪ್ಪು ಗಾಯಕಿಯರನ್ನು ಹುಡುಕಿಕೊಂಡು ಹೋದವು. ಮೋಸ ಮಾಡಿದ ಗಂಡನನ್ನು ಬಿಟ್ಟು ನಡೆಯುವ ಹೆಣ್ಣು ಹಾಡಿಗೆ ಬಂದಳು. 1928ರಲ್ಲಿ ಬ್ಲೂಸ್ ಗಾಯಕಿ ಮಾ ರೇನಿ ಹೆಣ್ಣಿಗೆ ಹೆಣ್ಣಿನ ಮೇಲಿರುವ ಒಲವನ್ನೂ ಹಾಡಿದರು.

ಮೈಸೂರಿಗೆ ಈ ಲೆಕ್ಕ ಹೊಂದುವುದಿಲ್ಲ. ನಮ್ಮಲ್ಲಿ ಆ ದನಿ ಮೊದಲೇ ಇತ್ತು. ಯಂತ್ರ ಬರುವ ಹೊತ್ತಿಗೆ ಅದರ ಕುತ್ತಿಗೆ ಹಿಸುಕುವ ಕೆಲಸ ನಡೆದಿತ್ತು.

19ನೇ ಶತಮಾನದಲ್ಲಿ ಮೈಸೂರು ಆಸ್ಥಾನ ಪೋಷಿಸಿದ ಜಾವಳಿಗಳಲ್ಲಿ, ಅಂದರೆ ಅಭಿನಯಕ್ಕೆ ಹಾಡುವ ಪುಟ್ಟ ಶೃಂಗಾರದ ಹಾಡುಗಳಲ್ಲಿ, ನಾಯಿಕೆ ನಲ್ಲನನ್ನು ನೇರವಾಗಿ ಕರೆಯುತ್ತಾಳೆ, ಗದರುತ್ತಾಳೆ, ಸವತಿಯ ಮನೆಗೇ ಹೋಗು ಎಂದು ಬಾಗಿಲು ಹಾಕುತ್ತಾಳೆ. ಬರೆದವರು ಹೆಚ್ಚಾಗಿ ಗಂಡಸರು, ಹಾಡಿ ಅಭಿನಯಿಸಿದವರು ದೇವದಾಸಿ ಮನೆತನದ ಹೆಂಗಸರು. 1909ರಲ್ಲಿ ಮೈಸೂರು ಸರ್ಕಾರ ಮುಜರಾಯಿ ಗುಡಿಗಳಲ್ಲಿ ದೇವದಾಸಿ ಸೇವೆ ನಿಲ್ಲಿಸಿತು. ಶೋಷಣೆ ನಿಲ್ಲಲೇಬೇಕಿತ್ತು. ಆದರೆ ಅದರ ಜೊತೆಗೆ ಶೃಂಗಾರವನ್ನು ನಾಚಿಕೆಯಿಲ್ಲದೆ ಹಾಡುವ ಹೆಣ್ಣನ್ನೇ ಅನುಮಾನದಿಂದ ನೋಡುವುದು ಬೆಳೆಯಿತು. ನಂಜನಗೂಡಿನಲ್ಲಿ ಹುಟ್ಟಿದ ಗಾಯಕಿ ಬೆಂಗಳೂರು ನಾಗರತ್ನಮ್ಮ 1910ರಲ್ಲಿ, ತಂಜಾವೂರು ಆಸ್ಥಾನದ ಕವಯಿತ್ರಿ ಮುದ್ದುಪಳನಿಯ ತೆಲುಗು ಶೃಂಗಾರಕಾವ್ಯವನ್ನು ಪೂರ್ತಿಯಾಗಿ ಅಚ್ಚು ಹಾಕಿಸಿದಾಗ ಬ್ರಿಟಿಷ್ ಸರ್ಕಾರ ಅದನ್ನು ಅಶ್ಲೀಲವೆಂದು ನಿಷೇಧಿಸಿತು.

ಇನ್ನು ಹಿಂದುಸ್ತಾನಿ ಗಾಯಕಿ ಗೌಹರ್ ಜಾನ್. 1902ರಲ್ಲಿ, ಮೇಮಿ ಸ್ಮಿತ್‌ಗಿಂತ 18 ವರ್ಷ ಮೊದಲು, ಕಲ್ಕತ್ತೆಯಲ್ಲಿ ಪ್ಲೇಟಿಗೆ ಹಾಡಿ, ಕೊನೆಗೆ ತನ್ನ ಹೆಸರನ್ನು ತಾನೇ ಇಂಗ್ಲಿಷಿನಲ್ಲಿ ಕೂಗಿ ಹೇಳಿದಾಕೆ. 1928ರಲ್ಲಿ ನಾಲ್ವಡಿಯವರ ಆಸ್ಥಾನ ಸೇರಿ, 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಈ ಹೆಸರು ಗೊತ್ತಿಲ್ಲದೆ ಮೊದಲಿಗರು ಯಾರು ಎಂಬ ಚರ್ಚೆಗೆ ಕೂರಬಾರದು.

ಹಳೆಯ ಪ್ಲೇಟು ಕೇಳುವಾಗ ಎರಡು ವಿಷಯ ಎಡವಿಸುತ್ತವೆ. ಒಂದು, ವೇಗ. ನಿಮಿಷಕ್ಕೆ 78 ಸುತ್ತು ಎನ್ನುವುದು ಆಗಿನ್ನೂ ಎಲ್ಲ ಕಡೆ ಗಟ್ಟಿಯಾಗಿರಲಿಲ್ಲ. 72ರಲ್ಲಿ ಕೆತ್ತಿದ್ದನ್ನು 78ರಲ್ಲಿ ತಿರುಗಿಸಿದರೆ ಶ್ರುತಿ ಅರ್ಧ ಮನೆಗಿಂತ ಹೆಚ್ಚು ಏರುತ್ತದೆ, ನಾಟಕದಲ್ಲಿ ಸ್ತ್ರೀಪಾತ್ರ ಮಾಡುತ್ತಿದ್ದ ಗಂಡಸಿನ ದನಿ ಹೆಂಗಸಿನದೇ ಅನಿಸಿಬಿಡುತ್ತದೆ. ಇನ್ನೊಂದು, ಕಾಲ. ಪ್ಲೇಟಿನ ಒಂದು ಮುಖಕ್ಕೆ ಮೂರೂಚಿಲ್ಲರೆ ನಿಮಿಷ. ಜಾವಳಿಯ ಒಂದೇ ಸಾಲನ್ನು ಹತ್ತು ಬಗೆಯಲ್ಲಿ ತಿರುವಿ, ಒಮ್ಮೆ ಕೋಪ, ಒಮ್ಮೆ ಕೊಂಕು, ಒಮ್ಮೆ ಬಯಕೆ ಎಂದು ಬಿಡಿಸಲು ಅದು ಎಲ್ಲಿ ಸಾಕು? ಪ್ಲೇಟಿನಲ್ಲಿ ಕೇಳಿದ್ದನ್ನೇ ಆ ಹೆಂಗಸರ ಅಳತೆ ಅಂದುಕೊಳ್ಳುವುದು ಅನ್ಯಾಯ.

ಭಾಷೆಯೂ ಬೇರೆ. 1920ರ ದಶಕದ ಅಮೆರಿಕದಲ್ಲಿ ಹಾಡಿನ ಪ್ರಕಾಶಕರು ಸಾಹಿತ್ಯ ಬದಲಿಸಲು ಬಿಡುತ್ತಿರಲಿಲ್ಲ, ಹಾಗಾಗಿ ಹೆಣ್ಣಿನ ಹಾಡನ್ನು ಗಂಡಸರು ಇದ್ದಹಾಗೇ ಹಾಡಿದರು. ನಮ್ಮಲ್ಲಿ ‘ಬಾರೋ’, ‘ಬಾರೇ’ ಎಂಬುದರ ಕೊನೆಯ ಸ್ವರವೇ ಯಾರನ್ನು ಕರೆದದ್ದೆಂದು ಹೇಳುತ್ತದೆ. ಆದರೆ ಕರೆದವರು ಯಾರೆಂದು ಹೇಳುವುದಿಲ್ಲ. ‘ನಾನು ಬಂದೆ’ ಎನ್ನುವುದಕ್ಕೆ ಲಿಂಗವಿಲ್ಲ. ದಾಸರು ಕೃಷ್ಣನನ್ನು ಬಾರೋ ಎಂದು ಕರೆದದ್ದನ್ನು ಯಾರೂ ಬೆರಗಿನಿಂದ ನೋಡಲಿಲ್ಲ. ಸವತಿ, ಸಖಿ, ನಲ್ಲ ಎಂಬ ಮಾತುಗಳನ್ನು ಹುಡುಕಿ ದನಿಯನ್ನು ಗುರುತಿಸಬೇಕು.

ಇಷ್ಟೆಲ್ಲ ಪ್ಲೇಟಿಗೆ ಬಂದದ್ದರ ಮಾತು. ಮಂಡ್ಯ ಸೀಮೆಯ ಮದುವೆಗಳಲ್ಲಿ ಸೋಬಾನೆಯ ಜೊತೆಗೆ ಹೆಂಗಸರು ಹಾಡುವ ಬೀಗರ ಹಾಡುಗಳ ಪೋಲಿತನದ ಮುಂದೆ ಜಾವಳಿ ತೀರಾ ಸಪ್ಪೆ. ಊರಿಗೆ ಹೋದಾಗ ಇವನ್ನು ಹಿಡಿದಿಡುವ ಆಸೆಯಿರುವವರು ವೇದಿಕೆಗೆ ಕರೆಯಬೇಡಿ. ಅಲ್ಲಿ ಬರೀ ದೇವರ ಪದ ಸಿಗುತ್ತದೆ. ಗಂಡಸರು ಎದುರಿಗೆ ನಿಂತರೆ ಬಿಸಿ ಸಾಲುಗಳು ನುಂಗಿಹೋಗುತ್ತವೆ. ಹಾಡುವವರ ಒಪ್ಪಿಗೆ ಕೇಳಿ, ಮನೆಯ ಹೆಣ್ಣುಮಗಳೊಬ್ಬಳ ಕೈಗೆ ಮೊಬೈಲು ಕೊಡಿ. ಎರಡೂ ಕಡೆಯವರು ಸವಾಲು-ಜವಾಬು ಹಾಡುವಾಗ ಅದು ನಡುವೆ ಇರಲಿ. ಯಾವ ಅತ್ತೆಯನ್ನು, ಯಾವ ಶಾಸ್ತ್ರದ ಹೊತ್ತಿನಲ್ಲಿ ಜರಿದರು ಎಂಬುದನ್ನು ಅವತ್ತೇ ಬರೆದಿಟ್ಟುಕೊಳ್ಳಿ.