ಅಚ್ಚಿಗೆ ಹೋಗುವ ಮುನ್ನ ಇನ್ನೊಂದು ಕಣ್ಣು ಬೇಕೇ?

ಪತ್ರಿಕೆಗಳಲ್ಲಿ ಡೆಸ್ಕ್, ಅಂದರೆ ಸುದ್ದಿ ತಿದ್ದುವ ವಿಭಾಗ, ಸಣ್ಣದಾಗುತ್ತಿದೆ. ವರದಿಗಾರ ಬರೆದದ್ದನ್ನು ಇನ್ನೊಬ್ಬರು ಕೂತು ಓದಿ, ತಿದ್ದಿ, ಆಮೇಲೆ ಪುಟಕ್ಕೆ ಬಿಡುವ ರೂಢಿ ಸವೆಯುತ್ತಿದೆ. ಅದನ್ನು ಉಳಿಸಿಕೊಳ್ಳಲೇಬೇಕೇ? ಡೆಸ್ಕಿನಲ್ಲಿ ದುಡಿದ ಒಬ್ಬರು ಮತ್ತು ತಾಲ್ಲೂಕಿನಿಂದ ಸುದ್ದಿ ಕಳಿಸುವ ಒಬ್ಬರು ಇಲ್ಲಿ ಮಾತಾಡಿದ್ದಾರೆ.

ಪರ: ‘ಇದು ಹೌದಾ?’ ಎಂದು ಕೇಳುವವರು ಇರಲೇಬೇಕು

ಕಾವೇರಿ ಗಲಾಟೆಯ ದಿನಗಳು. ನಾನು ರಾತ್ರಿ ಪಾಳಿಯಲ್ಲಿದ್ದೆ. ಹತ್ತೂವರೆಗೆ ಒಂದು ಸುದ್ದಿ ಬಂತು. ಕೆಆರ್‌ಎಸ್‌ನಿಂದ ತಮಿಳುನಾಡಿಗೆ ದಿನಕ್ಕೆ 10 ಟಿಎಂಸಿ ನೀರು ಬಿಡಲಾಗುತ್ತಿದೆ ಎಂದಿತ್ತು. ಪಕ್ಕದಲ್ಲಿದ್ದ ಹಿರಿಯ ಉಪಸಂಪಾದಕರು ಅಲ್ಲೇ ನಿಂತರು. ‘ಅಣೆಕಟ್ಟು ತುಂಬಿ ತುಳುಕಿದರೂ ಅದರಲ್ಲಿ ಹಿಡಿಯೋದು 49 ಟಿಎಂಸಿ ಚಿಲ್ಲರೆ. ದಿನಕ್ಕೆ ಹತ್ತು ಬಿಟ್ಟರೆ ಐದು ದಿನಕ್ಕೆ ತಳ ಕಾಣುತ್ತೆ. ಇದು ಆಗೋ ಮಾತಾ?’ ಎಂದರು. ಫೋನ್ ಮಾಡಿ ವಿಚಾರಿಸಿದರು. ಅದು 10 ಸಾವಿರ ಕ್ಯೂಸೆಕ್ ಆಗಿತ್ತು.

ಕ್ಯೂಸೆಕ್ ಅಂದರೆ ಹರಿವಿನ ಲೆಕ್ಕ, ಸೆಕೆಂಡಿಗೆ ಒಂದು ಘನ ಅಡಿ. ಟಿಎಂಸಿ ಅಂದರೆ ನೀರಿನ ಮೊತ್ತ, ನೂರು ಕೋಟಿ ಘನ ಅಡಿ. ಹತ್ತು ಸಾವಿರ ಕ್ಯೂಸೆಕ್‌ನಂತೆ ಹಗಲೂ ರಾತ್ರಿ ಹರಿಸಿದರೂ ಒಂದು ದಿನಕ್ಕೆ ಆಗುವುದು 0.86 ಟಿಎಂಸಿ. ಆ ಸುದ್ದಿ ಹಾಗೇ ಅಚ್ಚಾಗಿದ್ದರೆ, ಇದ್ದದ್ದಕ್ಕಿಂತ ಹನ್ನೊಂದು ಪಟ್ಟು ಜಾಸ್ತಿ ನೀರು ಹೋಗುತ್ತಿದೆ ಎಂದು ಮಂಡ್ಯದ ರೈತರು ಬೆಳಿಗ್ಗೆ ಓದುತ್ತಿದ್ದರು. ಹೆದ್ದಾರಿಯಲ್ಲಿ ಟೈರ್ ಉರಿಯುತ್ತಿದ್ದ ಹೊತ್ತು ಅದು.

ಕಾಪಿ (ವರದಿಗಾರ ಬರೆದು ಕಳಿಸಿದ್ದು) ತಿದ್ದುವುದು ಅಂದರೆ ಒತ್ತಕ್ಷರ ಸರಿ ಮಾಡುವುದು ಎಂದು ಬಹಳ ಜನ ತಿಳಿದಿದ್ದಾರೆ. ಅದು ಕೆಲಸದ ಸಣ್ಣ ಪಾಲು. ದೊಡ್ಡ ಪಾಲು ಪ್ರಶ್ನೆ ಕೇಳುವುದು. ಇದನ್ನು ಹೇಳಿದ್ದು ಯಾರು? ಪೊಲೀಸರು ಹಿಡಿದ ವ್ಯಕ್ತಿಯನ್ನು ‘ಅಪರಾಧಿ’ ಎಂದು ಬರೆದಿದ್ದೀರಲ್ಲ, ಕೋರ್ಟ್ ಹಾಗೆ ಹೇಳಿದೆಯೇ? ಇನ್ನೂ ‘ಆರೋಪಿ’ ತಾನೇ? ಇಂಗ್ಲಿಷ್ ಸುದ್ದಿ ಏಜೆನ್ಸಿಯ ಬಿಲಿಯನ್ ಅನ್ನು 100 ಕೋಟಿ ಮಾಡಿದಿರೋ, 10 ಕೋಟಿ ಮಾಡಿದಿರೋ? ಸತ್ತವರು ನಾಲ್ಕು ಜನ ಎಂದು ತಲೆಬರಹ, ಒಳಗೆ ಐದು ಹೆಸರು. ಐದನೆಯವರು ಆಸ್ಪತ್ರೆಯಲ್ಲಿ ಬದುಕಿದ್ದಾರೋ ಏನೋ! ಅವರ ಮನೆಯವರು ಬೆಳಿಗ್ಗೆ ಆ ಪೇಪರ್ ಹಿಡಿದುಕೊಂಡರೆ ಏನಾಗಬಹುದು ಯೋಚಿಸಿ.

ಬರೆದವರೇ ಇನ್ನೊಮ್ಮೆ ಓದಿಕೊಂಡರೆ ಸಾಲದೇ? ಸಾಲದು. ಬರೆದವರ ತಲೆಯಲ್ಲಿ ಸರಿಯಾದದ್ದು ಮೊದಲೇ ಕೂತಿರುತ್ತದೆ. ಕಣ್ಣು ಅದನ್ನೇ ಓದುತ್ತದೆ, ಹಾಳೆಯಲ್ಲಿರುವುದನ್ನಲ್ಲ. ಕಾಗುಣಿತ ನೋಡುವ ಯಂತ್ರವನ್ನು ನಂಬೋಣವೇ? ಕನ್ನಡದಲ್ಲಿ ‘ಹೋಗಬೇಕಾಗಿದ್ದವರಿಗೂ’ ಎಂಬುದು ಒಂದೇ ಪದ. ಇಂಥ ರೂಪಗಳನ್ನೆಲ್ಲ ಯಾವ ಪದಪಟ್ಟಿಯಲ್ಲಿ ತುಂಬುತ್ತೀರಿ? ಇನ್ನು, ‘ನಿಧಾನ’ದಲ್ಲಿ ಒಂದು ದೀರ್ಘ ಬಿದ್ದುಹೋಗಿ ‘ನಿಧನ’ ಆದರೆ ಅದೂ ಸರಿಯಾದ ಪದವೇ. ಟಿಎಂಸಿಯೂ ಸರಿಯಾದ ಪದವೇ. ಪದಪಟ್ಟಿ ಹಿಡಿದು ಹುಡುಕುವ ಯಂತ್ರ ಸುಮ್ನೆ ದಾಟಿ ಹೋಗುತ್ತದೆ.

ಇದು ಪತ್ರಿಕೋದ್ಯಮದ ಹೊರಗಿನ ಕೆಲಸ ಅಲ್ಲ. 1955ರ ಕಾರ್ಯನಿರತ ಪತ್ರಕರ್ತರ ಕಾಯ್ದೆಯೇ ಪ್ರೂಫ್ ರೀಡರ್‌ಗಳನ್ನು ವರದಿಗಾರ, ಉಪಸಂಪಾದಕರ ಸಾಲಿನಲ್ಲೇ ಪತ್ರಕರ್ತರು ಎಂದು ಎಣಿಸಿತು. ಆದರೆ ಖರ್ಚು ಕಡಿಮೆ ಮಾಡಬೇಕು ಎಂದಾಗ ಮೊದಲು ಏಳುವುದು ಇವರ ಕುರ್ಚಿ. ನಮ್ಮಲ್ಲಿ ಮಾತ್ರ ಅಂತಲ್ಲ. 2017ರಲ್ಲಿ ನ್ಯೂಯಾರ್ಕ್ ಟೈಮ್ಸ್ ತನ್ನ ಪ್ರತ್ಯೇಕ ಕಾಪಿ ಡೆಸ್ಕನ್ನೇ ಮುಚ್ಚಿತು. ಆಗ ವರದಿಗಾರರೂ ಕಾಪಿ ಎಡಿಟರ್‌ಗಳ ಜೊತೆ ಕೆಲಸ ನಿಲ್ಲಿಸಿ ಪ್ರತಿಭಟನೆಗೆ ಬೀದಿಗಿಳಿದರು. ತಮ್ಮನ್ನು ಎಷ್ಟು ಸಲ ಯಾರು ಕಾಪಾಡಿದ್ದಾರೆ ಎಂದು ಅವರಿಗೆ ಗೊತ್ತಿತ್ತು.

ಓದುಗರಿಗೆ ಇದೆಲ್ಲ ಬೇಕಿಲ್ಲ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಜಿ. ವೆಂಕಟಸುಬ್ಬಯ್ಯನವರು 1991ರಲ್ಲಿ ಪ್ರಜಾವಾಣಿಯಲ್ಲಿ ‘ಇಗೋ ಕನ್ನಡ’ ಅಂಕಣ ಶುರು ಮಾಡಿದರು. ಒಂದು ಪದದ ಹುಟ್ಟು, ಒಂದು ಪ್ರಯೋಗದ ಸರಿ ತಪ್ಪು ಕೇಳಿ ಜನ ಬರೆದರು, ವರ್ಷಗಟ್ಟಲೆ ಬರೆದರು. ಆ ಓದುಗರು ಎಲ್ಲೂ ಹೋಗಿಲ್ಲ. ಪತ್ರಿಕೆಯಲ್ಲಿ ‘ವಿಧ್ಯಾರ್ಥಿ’ ಎಂದು ನೋಡಿದಾಗ ಅವರಿಗೆ ಒಳಗೆ ಒಂದು ಅನುಮಾನ ಹುಟ್ಟುತ್ತದೆ. ಇಷ್ಟನ್ನೂ ನೋಡಿಕೊಳ್ಳದವರು ಆ ಕೋಟಿಯ ಲೆಕ್ಕವನ್ನು ನೋಡಿಕೊಂಡಿದ್ದಾರೆಯೇ ಎಂಬ ಅನುಮಾನ ಅದು.

ವಿರೋಧ: ತಿದ್ದುವವರಿಗೆ ನಮ್ಮೂರು ಗೊತ್ತಿಲ್ಲ

ನಾನು ಕರಾವಳಿಯ ಒಂದು ತಾಲ್ಲೂಕಿನಿಂದ ಸುದ್ದಿ ಕಳಿಸುತ್ತೇನೆ. ಒಂದು ಏಪ್ರಿಲ್‌ನಲ್ಲಿ ಬಿಸಿಲು ಜಾಸ್ತಿಯಾಗಿ ಬೊಂಡದ ಬೆಲೆ ಏರಿತ್ತು. ತೋಟದವರು, ಗಾಡಿಯವರು, ಆಸ್ಪತ್ರೆಯ ಮುಂದೆ ಮಾರುವ ಹೆಂಗಸರು, ಎಲ್ಲರನ್ನೂ ಮಾತಾಡಿಸಿ ಬರೆದೆ. ನಮ್ಮಲ್ಲಿ ಬೊಂಡ ಅಂದರೆ ಎಳನೀರು. ಮರುದಿನ ಪತ್ರಿಕೆ ತೆರೆದರೆ ‘ಬೋಂಡಾ ದುಬಾರಿ’ ಎಂದಿತ್ತು. ಒಳಗೂ ಎಲ್ಲ ಕಡೆ ಬೋಂಡಾ. ದೂರದ ಡೆಸ್ಕಿನಲ್ಲಿ ಯಾರೋ ನನ್ನ ‘ತಪ್ಪು’ ತಿದ್ದಿದ್ದರು. ಕೆಳಗೆ ಹೆಸರು ಮಾತ್ರ ನನ್ನದೇ. ಆ ಹೆಂಗಸರ ಮುಂದೆ ಹೋಗಿ ನಿಲ್ಲುವುದು ನನಗೆ ಕಷ್ಟವಾಯಿತು. ತಮ್ಮ ಬದುಕಿನ ಕಷ್ಟ ಹೇಳಿಕೊಂಡವರು ಅವರು.

ಡೆಸ್ಕ್ ಬೇಕು ಎನ್ನುವವರು ಅದು ಹಿಡಿದ ತಪ್ಪುಗಳ ಕತೆ ಹೇಳುತ್ತಾರೆ. ಅದು ಹುಟ್ಟಿಸಿದ ತಪ್ಪುಗಳ ಕತೆ ಹೇಳುವವರು ಕಡಿಮೆ. ಏಕೆಂದರೆ ಆ ತಪ್ಪುಗಳು ವರದಿಗಾರನ ಹೆಸರಿನಲ್ಲಿ ಅಚ್ಚಾಗುತ್ತವೆ.

ಇನ್ನೂ ಒಂದು ನೋವಿದೆ. ‘ಶುದ್ಧ ಕನ್ನಡ’ ಅಂತ ಡೆಸ್ಕ್ ಕಾಯ್ದುಕೊಂಡು ಬಂದದ್ದು ಯಾವ ಊರಿನ ಕನ್ನಡ? ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರ ಹೊರಬಂದದ್ದು 1843ರ ಜುಲೈ 1ರಂದು, ಮಂಗಳೂರಿನಲ್ಲಿ, ಕಲ್ಲಚ್ಚಿನಲ್ಲಿ. ಅದೇ ಮಂಗಳೂರಿನ ಮಾತು ಇವತ್ತು ಅಚ್ಚಿಗೆ ಹೋಗುವ ಮೊದಲು ಬೆಂಗಳೂರಿನ ಹಾಗೆ ಆಗಬೇಕು. ಕಲಬುರಗಿಯ ರೈತ ಆಡಿದ ಮಾತು ಪತ್ರಿಕೆಯಲ್ಲಿ ಬರುವಾಗ ಮೇಷ್ಟರು ಹೇಳಿಕೊಟ್ಟಂತೆ ಇರುತ್ತದೆ. ಅವರು ಹಾಗೆ ಮಾತಾಡಿಯೇ ಇರುವುದಿಲ್ಲ. ಇದೂ ಸುಳ್ಳೇ ಅಲ್ವಾ? ಉಲ್ಲೇಖ ಚಿಹ್ನೆಯೊಳಗೆ ಹಾಕಿದ ಸುಳ್ಳು.

ಟಿಎಂಸಿಯ ವಿಷಯ ಒಪ್ಪುತ್ತೇನೆ. ಆ ಹಿರಿಯರು ದೊಡ್ಡ ಅನಾಹುತ ತಪ್ಪಿಸಿದರು. ಆದರೆ ಆ ವರದಿಗಾರರಿಗೆ ಕ್ಯೂಸೆಕ್ ಯಾವುದು, ಟಿಎಂಸಿ ಯಾವುದು ಎಂದು ಯಾರಾದರೂ ಕೂರಿಸಿ ಹೇಳಿಕೊಟ್ಟಿದ್ದರೇ? ಒಂದು ದಿನ ಅಣೆಕಟ್ಟಿಗೆ ಕರೆದುಕೊಂಡು ಹೋಗಿ ಎಂಜಿನಿಯರ್ ಜೊತೆ ಮಾತಾಡಿಸಿದ್ದರೆ ಆ ತಪ್ಪು ಹುಟ್ಟುತ್ತಲೇ ಇರಲಿಲ್ಲ. ತಾಲ್ಲೂಕುಗಳಲ್ಲಿ ಸುದ್ದಿ ಕಳಿಸುವ ನಮ್ಮಂಥ ಎಷ್ಟೋ ಜನರಿಗೆ ಸಂಬಳವಿಲ್ಲ. ಅಚ್ಚಾದ ಸುದ್ದಿಗೆ ಇಷ್ಟು ಎಂದು ದುಡ್ಡು. ಬಸ್ ಚಾರ್ಜ್ ನಮ್ಮದೇ. ಹಾಗಾಗಿ ಹಳ್ಳಿಗೆ ಹೋಗಿ ನೋಡುವ ಬದಲು ಫೋನಿನಲ್ಲೇ ಕೇಳಿ ಬರೆಯುತ್ತೇವೆ. ತಪ್ಪು ನುಸುಳುವುದು ಅಲ್ಲಿ. ಇರುವ ದುಡ್ಡು ಸ್ವಲ್ಪವೇ ಆದರೆ ಅದನ್ನು ಆ ಬಸ್ಸಿಗೆ ಹಾಕಿ.

ಹಿಂದೆ ಎಲ್ಲ ಸರಿಯಿತ್ತು ಎಂಬುದೂ ನಿಜವಲ್ಲ. ಅಚ್ಚಿನ ಮೊಳೆ ಜೋಡಿಸುವ ಕಾಲದಲ್ಲೂ ತಪ್ಪುಗಳಿದ್ದವು. ಬ್ರಿಟನ್ನಿನ ಗಾರ್ಡಿಯನ್ ಪತ್ರಿಕೆಗೆ ಅಚ್ಚಿನ ತಪ್ಪುಗಳಿಂದಲೇ ಅಡ್ಡಹೆಸರು ಬಿದ್ದಿತ್ತು. ಅಲ್ಲೇನು ಡೆಸ್ಕ್ ಇರಲಿಲ್ಲವೇ? ಆ ಪತ್ರಿಕೆಗೆ ಗೌರವ ತಂದದ್ದು ಬೇರೆ. 1997ರಲ್ಲಿ ಓದುಗರ ದೂರು ಕೇಳಲು ‘ಓದುಗರ ಸಂಪಾದಕ’ರೊಬ್ಬರನ್ನು ನೇಮಿಸಿ, ನಿನ್ನೆಯ ತಪ್ಪುಗಳನ್ನು ಒಪ್ಪಿಕೊಳ್ಳಲು ಪ್ರತಿದಿನ ಜಾಗ ಕೊಟ್ಟಿತು. 2006ರಲ್ಲಿ ದಿ ಹಿಂದೂ ಕೂಡ ಓದುಗರ ಸಂಪಾದಕರನ್ನು ನೇಮಿಸಿತು. ಈಗ ಸುದ್ದಿ ಮೊಬೈಲಿನಲ್ಲಿ ನಿಮಿಷಗಳಲ್ಲಿ ಹೋಗುತ್ತದೆ, ನಿಮಿಷಗಳಲ್ಲೇ ಓದುಗರು ತಪ್ಪು ತೋರಿಸುತ್ತಾರೆ. ತಿದ್ದಿ, ಇಂಥದ್ದನ್ನು ತಿದ್ದಿದ್ದೇವೆ ಎಂದು ಅಲ್ಲೇ ಹೇಳಿದರೆ ಆಯಿತು. ಸದ್ದಿಲ್ಲದೆ ಬದಲಿಸುವುದು ಮಾತ್ರ ಬೇಡ.

ಕೋರ್ಟು, ಅಪರಾಧ, ಸಾವು, ಗಲಭೆಯ ಸುದ್ದಿಗಳು ಬೇರೆ. ಅವನ್ನು ಎರಡಲ್ಲ, ಮೂರು ಜನ ಓದಲಿ. ರಸ್ತೆ ಗುಂಡಿ, ಜಾತ್ರೆ, ಬೊಂಡದ ಬೆಲೆಗೆ ಆ ಡೆಸ್ಕ್ ಯಾಕೆ ಬೇಕು?

ಬೋಂಡಾ ಆದ ಮೇಲೆ ನಾನು ಒಂದೇ ಒಂದು ಕೇಳಿಕೊಂಡೆ. ಪುಟ ಬಿಡುವ ಮುಂಚೆ ನನ್ನ ಸುದ್ದಿಯ ಫೋಟೊ ತೆಗೆದು ನನಗೆ ವಾಟ್ಸ್‌ಆ್ಯಪ್ ಮಾಡಿ, ಐದು ನಿಮಿಷದಲ್ಲಿ ನೋಡಿ ಹೇಳುತ್ತೇನೆ ಎಂದೆ. ಅದು ನಮ್ಮ ಪದ್ಧತಿ ಅಲ್ಲ ಎಂದರು. ಡೆಸ್ಕಿಗೆ ಹೊಸದಾಗಿ ಸೇರಿದ್ದ ಒಬ್ಬ ಹುಡುಗಿ ಮಾತ್ರ ತಾನಾಗಿಯೇ ಕಳಿಸತೊಡಗಿದಳು. ಮೂರು ತಿಂಗಳು ಕಳಿಸಿದಳು. ಆ ಮೂರು ತಿಂಗಳಲ್ಲಿ ನನ್ನ ಯಾವ ಸುದ್ದಿಯಲ್ಲೂ ಒಂದು ಊರಿನ ಹೆಸರು ಕೆಡಲಿಲ್ಲ.